ಸೂತ್ರಕ್ಕಿಂತ ಮೊದಲು ತಿರುವು ಬರಲಿ

ಮಾನ್ಯರೇ,

ಇನ್‌ಲೈನ್ ಸ್ಕೇಟಿಂಗ್‌ನ (ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್‌ಗಳ ಆಟದ) ತಿರುವು ಮತ್ತು ನಿಂತಲ್ಲೇ ತಿರುಗುವ ಸುತ್ತುಗಳ ಗಣಿತವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ, ತಿದ್ದಬೇಕಾದದ್ದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಮೊದಲ ಪುಟದಲ್ಲಿಯೇ ಒಂಬತ್ತು ಸೂತ್ರಗಳಿವೆ, ಸ್ಕೇಟ್ ಕಟ್ಟಿಕೊಂಡ ಒಬ್ಬ ಮನುಷ್ಯನೂ ಇಲ್ಲ. ಮೂರನೆಯ ಪುಟದಲ್ಲಿ ಮಾತ್ರ, ‘ಬಲಕ್ಕೆ ವಾಲಿದಾಗ ನೆಲವೇ ನನ್ನನ್ನು ಒಳಕ್ಕೆ ನೂಕಿದಂತಾಯಿತು’ ಎಂದು ಬರೆದಿದ್ದೀರಿ. ಲೇಖನ ಆರಂಭವಾಗಬೇಕಾದದ್ದು ಅಲ್ಲಿಂದ, ಏಕೆಂದರೆ ನಡೆಯುವುದೂ ಅದೇ: ಚಕ್ರದ ಮೇಲೆ ನೆಲದ ಘರ್ಷಣೆ ಒಳಮುಖವಾಗಿ ವರ್ತಿಸದಿದ್ದರೆ ತಿರುವೇ ಇಲ್ಲ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ, 5 ಮೀಟರ್ ತ್ರಿಜ್ಯದ ವೃತ್ತದ ಮೇಲೆ ಸಾಗುವವರು ಎಷ್ಟು ವಾಲಬೇಕು ಎಂಬ ಪ್ರಶ್ನೆಯನ್ನು ಓದುಗರ ಮುಂದಿಡಿ. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 0.51 ಬರುತ್ತದೆ, ಅದು ವಾಲುಕೋನದ ಟ್ಯಾಂಜೆಂಟ್, ಅಂದರೆ ನೇರ ನಿಲುವಿನಿಂದ ವಾಲಿದ ಕೋನ ಸುಮಾರು 27 ಡಿಗ್ರಿ. ಅದೇ ವೇಗದಲ್ಲಿ ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಕೋನ 46 ಡಿಗ್ರಿಯ ಹತ್ತಿರ ಹೋಗುತ್ತದೆ, ಚಕ್ರಕ್ಕೆ ಅಷ್ಟು ಹಿಡಿತವಿಲ್ಲದಿದ್ದರೆ ಕಾಲು ಜಾರುತ್ತದೆ. ಈ ಲೆಕ್ಕದಲ್ಲಿ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುವುದರಿಂದ, ‘ಹೆಚ್ಚು ತೂಕದವರು ಹೆಚ್ಚು ವಾಲಬೇಕು’ ಎಂಬ ನಿಮ್ಮ ಮಾತು ತಪ್ಪು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸೆಕೆಂಡಿಗೆ ಒಂದು ಸುತ್ತು ತಿರುಗುವವರ ಚಾಚಿದ ಕೈ ಅಕ್ಷದಿಂದ 0.8 ಮೀಟರ್ ದೂರದಲ್ಲಿದ್ದರೆ ಅದರ ವೇಗ ಸೆಕೆಂಡಿಗೆ 288 ಮೀಟರ್ ಎಂದಿದ್ದೀರಿ. ಇದು ಶಬ್ದದ ವೇಗಕ್ಕೆ ಸಮೀಪವಾದ ಸಂಖ್ಯೆ. ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಬಳಸಬೇಕಾದಲ್ಲಿ 360 ಡಿಗ್ರಿಯನ್ನೇ ಗುಣಿಸಿದ್ದೀರಿ, ಒಂದು ಸುತ್ತಿನ ರೇಡಿಯನ್‌ಗಳಾದ 6.28ರಿಂದ ಗುಣಿಸಿದರೆ ಸಿಗುವುದು ಸೆಕೆಂಡಿಗೆ ಸುಮಾರು 5 ಮೀಟರ್. ಬಂದ ಉತ್ತರ ನಂಬುವಂತಿದೆಯೇ ಎಂದು ಒಮ್ಮೆ ಕೇಳಿಕೊಳ್ಳದೆ ಯಾವ ಸಂಖ್ಯೆಯನ್ನೂ ಕರಡಿನಲ್ಲಿ ಉಳಿಸಬೇಡಿ.

ಕೈಗಳನ್ನು ಎದೆಗೆ ಸೆಳೆದುಕೊಂಡಾಗ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಜಡತ್ವ ಮತ್ತು ತಿರುಗುವ ವೇಗಗಳ ಗುಣಲಬ್ಧ, ಹೆಚ್ಚುತ್ತದೆ ಎಂದೂ ಬರೆದಿದ್ದೀರಿ. ಹೆಚ್ಚುವುದು ಸಂವೇಗವಲ್ಲ, ತಿರುಗುವ ವೇಗ. ತಿರುಗುವಿಕೆಗೆ ದೇಹ ಒಡ್ಡುವ ಜಡತ್ವ ಅರ್ಧವಾದರೆ ವೇಗ ಇಮ್ಮಡಿಯಾಗುತ್ತದೆ, ಸಂವೇಗ ಇದ್ದಷ್ಟೇ ಇರುತ್ತದೆ. ಆದರೆ ಚಲನಶಕ್ತಿಯೂ ಇಮ್ಮಡಿಯಾಗುತ್ತದೆ! ಆ ಹೆಚ್ಚುವರಿ ಶಕ್ತಿ ಎಲ್ಲಿಂದ ಬಂತು? ಹೊರಕ್ಕೆ ಹೋಗಬಯಸುವಂತೆ ತೋರುವ ಕೈಗಳನ್ನು ಒಳಕ್ಕೆ ಎಳೆಯುವಾಗ ಸ್ನಾಯುಗಳು ಮಾಡಿದ ಕೆಲಸದಿಂದ. ಸುತ್ತುವಾಗ ಆ ಎಳೆತವನ್ನು ತೋಳಿನಲ್ಲಿ ಅನುಭವಿಸಿದವರು ನೀವು. ಅದರ ಬಗ್ಗೆ ಒಂದು ಪುಟ ಬರೆದರೂ ನಾನು ಕತ್ತರಿಸುವುದಿಲ್ಲ. ಸಂವೇಗದ ಸಂರಕ್ಷಣೆ ಇಲ್ಲಿ ಅಲ್ಪಕಾಲದ ಮಾತು, ಚಕ್ರ ಮತ್ತು ನೆಲದ ಉಜ್ಜುವಿಕೆ ಸುತ್ತನ್ನು ನಿಲ್ಲಿಸಿಯೇ ನಿಲ್ಲಿಸುತ್ತದೆ ಎಂಬುದನ್ನೂ ಸೇರಿಸಿ.

ಮುಂದಿನ ಕರಡಿನಲ್ಲಿ ಒಂದು ತಿರುವು, ಒಂದು ಸುತ್ತು ಇದ್ದರೆ ಸಾಕು. ಸೀಮೆಸುಣ್ಣದಿಂದ ವೃತ್ತವನ್ನೆಳೆದು, ಹಿಂದಿನಿಂದ ವಿಡಿಯೊ ತೆಗೆಸಿ, ವಾಲಿದ ಕೋನವನ್ನು ಅಳೆದು ಲೆಕ್ಕದ ಕೋನದ ಪಕ್ಕದಲ್ಲಿಡಿ. ಸೊಂಟ ಬಾಗಿದ್ದರೆ ಎರಡೂ ಸರಿಹೊಂದಲಾರವು. ಆ ವ್ಯತ್ಯಾಸವನ್ನು ಮುಚ್ಚದೆ ಹಾಗೆಯೇ ಬರೆದು ಕಳುಹಿಸಿ.

ಇತಿ,
ಸಂಪಾದಕ