ಫೋಟೋದಲ್ಲಿ ಇಲ್ಲದ ಕುರಿಮರಿಗಳು: ಒಂದು ಆಪ್ತಸಲಹೆ ಪ್ರಕರಣ

ಈ ಹುಡುಗಿ ಮೊದಲ ಸಲ ಕಾಲ್ ಮಾಡಿದಾಗ ಅವಳಿಗೆ ಬೆಳಗ್ಗೆ 7, ನನಗೆ ಮಧ್ಯಾಹ್ನ 12.30. ರಾತ್ರಿ ಪಾಳಿ ಮುಗಿಸಿ ಶೆಡ್ ಹೊರಗೆ ನಿಂತ್ಕೊಂಡೇ ಮಾತಾಡ್ತಿದ್ಲು, ಹಿಂದೆ ಕುರಿಗಳ ಅರಚಾಟ. ಅವಳ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲ ಬದಲಿಸಿದೀನಿ.

ಓದ್ತಿರೋದು ಬ್ರಿಟನ್ನಲ್ಲಿ, ವೆಟರ್ನರಿ ಮೊದಲನೇ ವರ್ಷ. ಅಲ್ಲಿ ಆಸ್ಪತ್ರೆ ಕಡೆ ಕಲಿಯೋಕೆ ಹೋಗೋ ಮುಂಚೆ ರಜೆಯಲ್ಲಿ ಫಾರ್ಮ್‌ಗಳಿಗೆ ಹೋಗಿ ವಾರಗಟ್ಟಲೆ ಕೆಲಸ ಮಾಡ್ಬೇಕು, ಮಾರ್ಚ್ ಏಪ್ರಿಲ್ ಅಂದ್ರೆ ಕುರಿಗಳು ಮರಿ ಹಾಕೋ ಸೀಸನ್, ಇವಳಿಗೆ ವೇಲ್ಸ್‌ನ ಗುಡ್ಡದ ಮೇಲಿನ ಒಂದು ಫಾರ್ಮಲ್ಲಿ 2 ವಾರ. ಮನೆ ಬೆಂಗಳೂರು, ಪೂರ್ತಿ ಸಸ್ಯಾಹಾರಿಗಳು, ಸಾಲ ಮಾಡಿ ಕಳ್ಸಿದಾರೆ.

"ಮೇಡಂ, ನಾನು ಕಲ್ಲಾಗ್ಬಿಟ್ಟಿದೀನಿ ಅನ್ಸತ್ತೆ." ಮೊದಲ ಮಾತೇ ಇದು.

ನಾನು ಅಂದ್ಕೊಂಡಿದ್ದು, ಪಾಪ ಮರಿಗಳು ಸಾಯೋದು ನೋಡಿ ತಡ್ಕೊಳ್ಳೋಕೆ ಆಗ್ತಿಲ್ಲ ಅಂತ, ಸಮಾಧಾನದ ಮಾತೆಲ್ಲ ರೆಡಿ ಮಾಡ್ಕೊಂಡಿದ್ದೆ. ಅದಲ್ಲವೇ ಅಲ್ಲ. ಅವಳ ತೊಂದರೆ ಏನಂದ್ರೆ ತಡ್ಕೊಳ್ಳೋಕೆ ಆಗ್ತಿದೆ ಅನ್ನೋದೇ. 9ನೇ ದಿನ ಒಂದು ಕುರಿಗೆ ಸತ್ತ ಮರಿ ಹುಟ್ತು, ಪಕ್ಕದಲ್ಲೇ ಇನ್ನೊಂದಕ್ಕೆ 3 ಮರಿ, ಕುರಿಗಿರೋದು 2 ಮೊಲೆ, ಮೂರನೇದು ಹಸಿವಲ್ಲೇ ಉಳಿಯತ್ತೆ. ಅಲ್ಲಿ ಹಳೇ ಪದ್ಧತಿ ಒಂದಿದೆ, ಸತ್ತ ಮರಿ ಚರ್ಮ ಸುಲಿದು ಈ ಹೆಚ್ಚುವರಿ ಮರಿಗೆ ಅಂಗಿ ಥರ ತೊಡಿಸೋದು, ಮರಿ ಕಳ್ಕೊಂಡ ತಾಯಿ ಮೂಸಿ ನೋಡಿ ತನ್ನ ಮರಿದೇ ವಾಸನೆ ಅಂತ ಹತ್ತಿರ ಸೇರಿಸ್ಕೊಳತ್ತೆ, ಒಂದೆರಡು ದಿನ ಆದ್ಮೇಲೆ ಆ ಚರ್ಮ ತೆಗೆದುಬಿಡ್ತಾರೆ. ಫಾರ್ಮ್ ಯಜಮಾನ ಚಾಕು ಇವಳ ಕೈಗೆ ಕೊಟ್ಟು ಹೇಗೆ ಅಂತ ತೋರಿಸಿದ. ಇವಳು ಮಾಡಿದ್ಲು. ಮರಿ ಬಾಲ ಅಲ್ಲಾಡಿಸ್ತಾ ಹಾಲು ಕುಡಿಯೋಕೆ ಶುರು ಮಾಡ್ತು, ಇವಳಿಗೆ ಖುಷಿಯಾಗಿ ಕುಣಿಯೋ ಹಾಗಾಯ್ತು, ಆಮೇಲೆ ರೂಮಿಗೆ ಹೋಗಿ ಹೊಟ್ಟೆ ತುಂಬ ತಿಂದು ಗಡದ್ದಾಗಿ ನಿದ್ದೆ ಮಾಡಿದ್ಲು. ಎದ್ದ ಮೇಲೆ ಭಯ ಹತ್ಕೊಂಡಿದ್ದು.

ಅದೇ ದಿನ ಫ್ಯಾಮಿಲಿ ಗ್ರೂಪಿಗೆ ಮರಿಯನ್ನ ಎತ್ಕೊಂಡಿರೋ ಫೋಟೋ ಹಾಕಿದಾಳೆ, ಚರ್ಮದ ಭಾಗ ಕಾಣದ ಹಾಗೆ ಕ್ರಾಪ್ ಮಾಡಿ. ಎಲ್ಲರೂ ಹಾರ್ಟ್ ಹಾಕಿದ್ರು. ದಿನಾ ಹೀಗೇ ಅಂತೆ, ಮುದ್ದು ಫೋಟೋ ಮಾತ್ರ ಹೋಗತ್ತೆ. ಬಾಗಿಲ ಹಿಂದೆ ಇರೋ ಸತ್ತ ಮರಿಗಳ ಚೀಲದ ವಿಷಯ ಯಾರಿಗೂ ಗೊತ್ತಿಲ್ಲ (ಅಲ್ಲಿ ಹೊಲದಲ್ಲೇ ಹೂಳೋ ಹಾಗಿಲ್ಲ, 2003ರಿಂದ ನಿಷೇಧ, ಗಾಡಿಯವರು ಬಂದು ತಗೊಂಡು ಹೋಗೋವರೆಗೂ ಚೀಲ ಅಲ್ಲೇ ಇರತ್ತೆ, ಇವಳು ದಾಟ್ಕೊಂಡೇ ಓಡಾಡ್ಬೇಕು).

ನಾನು ಮೊದಲು ಕೇಳಿದ್ದು ಮಾಮೂಲಿ ಆದ್ರೂ ಬಿಡಬಾರದ ಪ್ರಶ್ನೆಗಳು. ನಿದ್ದೆ, ಊಟ, ಸಾಯೋ ಯೋಚನೆ ಏನಾದ್ರೂ ಬರ್ತಿದ್ಯಾ. ಇಲ್ಲ ಅಂದ್ಲು. ಆಮೇಲೆ, ಕೆಲಸದ ಹೊರಗೆ ಅಳು ನಗು ಬರತ್ತಾ ಅಂತ. ಬರತ್ತೆ, ಮೊನ್ನೆ ಆ ಮರಿ ಹಾಲು ಕುಡಿದಾಗ ಕಣ್ಣಲ್ಲಿ ನೀರು ಬಂತು ಅಂದ್ಲು. ಹಾಗಾದ್ರೆ ಕಲ್ಲು ಎಲ್ಲಿಂದ ಬಂತಮ್ಮ ಅಂತ ಕೇಳ್ದೆ. ಕೈಗೆ ಕೆಲಸ ಇರೋವಾಗ ಮನಸ್ಸು ಸ್ವಲ್ಪ ಹಿಂದೆ ಸರಿದು ನಿಲ್ಲತ್ತೆ, ಹೆರಿಗೆ ವಾರ್ಡಿನ ನರ್ಸ್‌ಗಳೂ ಹಾಗೇ. ಎಲ್ಲ ಕಡೆಯೂ ಮರಗಟ್ಟಿದ್ರೆ ಆಗ ಯೋಚನೆ ಮಾಡೋಣ ಅಂದೆ.

ಇಷ್ಟಕ್ಕೇ ಮುಗೀತು ಅಂದ್ಕೊಂಡಿದ್ದೆ. ಎರಡನೇ ಸಲ ಕಾಲ್ ಮಾಡಿದಾಗ ಇನ್ನೊಂದು ಹೊರಗೆ ಬಂತು. 4ನೇ ರಾತ್ರಿ, ಸುಮಾರು 3 ಗಂಟೆ, ಒಂದು ಕುರಿ ಮುಕ್ಕರೀತಿದೆ, ಮರಿಯ ಎರಡು ಕಾಲು ಬಂದಿದೆ, ತಲೆ ಹಿಂದಕ್ಕೆ ತಿರುಗಿದೆ. ಪುಸ್ತಕದ್ದು ಎಲ್ಲ ಬಾಯಿಪಾಠ ಇವಳಿಗೆ, ಹೊಕ್ಕುಳಿಗೆ ಅಯೋಡಿನ್, 4 ಕೆಜಿ ಮರಿಗೆ ಮೊದಲ ಕೆಲವು ಗಂಟೆಯಲ್ಲೇ 200 ಎಂಎಲ್ ಗಿಣ್ಣು ಹಾಲು, ಮೈ ಬಿಸಿ 37 ಡಿಗ್ರಿಗಿಂತ ಇಳಿದ್ರೆ ಅಪಾಯ, ಆದ್ರೆ ಒಳಗೆ ಕೈ ಹಾಕಿದಾಗ ಸಿಕ್ಕಿದ್ದು ಏನು ಅಂತಾನೇ ಗೊತ್ತಾಗ್ಲಿಲ್ಲ. ಯಜಮಾನನ್ನ ಎಬ್ಬಿಸೋಕೆ ಸಂಕೋಚ. 40 ನಿಮಿಷ ಒಬ್ಬಳೇ ಒದ್ದಾಡಿ ಆಮೇಲೆ ಎಬ್ಬಿಸಿದ್ಲು. ಕುರಿ ಉಳೀತು, ಮರಿ ಇಲ್ಲ. ಅವನು ಬೈಲಿಲ್ಲ, ಆಗತ್ತೆ ಅಂತ ಹೇಳಿ ಟೀ ಕೊಟ್ಟ. ಬೈದಿದ್ರೆ ಚೆನ್ನಾಗಿತ್ತು ಮೇಡಂ ಅಂದ್ಲು.

"ನಿನ್ನ ತಪ್ಪೇನೂ ಇಲ್ಲ" ಅಂತ ನಾನು ಹೇಳ್ಲಿಲ್ಲ. ಹೇಳೋಕೆ ಸುಲಭ, ಎಷ್ಟೋ ಜನ ಹೇಳ್ತಾರೆ, ಆದ್ರೆ ಅವಳಿಗೆ ಅದು ಸುಳ್ಳು ಅಂತ ಗೊತ್ತಿತ್ತು, ಹೇಳಿದ್ರೆ ನನ್ನ ಹತ್ರಾನೂ ಮುದ್ದು ಫೋಟೋ ಕಳ್ಸೋಕೆ ಶುರು ಮಾಡ್ತಿದ್ಲು. ಮರಿ ಅಡ್ಡ ಸಿಕ್ಕಿದ್ದು ನಿನ್ನದಲ್ಲ, ಅದು ಉಳೀತಿತ್ತೋ ಇಲ್ವೋ ಯಾರೂ ಹೇಳೋಕೆ ಆಗಲ್ಲ, ಆದ್ರೆ ತಡವಾಗಿ ಎಬ್ಬಿಸಿದ್ದು ನಿನ್ನದು, ಅಷ್ಟು ಮಾತ್ರ ಇಟ್ಕೋ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ಲು, ಚೆನ್ನಾಗಿ ಅತ್ಲು.

ಕೊಟ್ಟ ಸಲಹೆ ತುಂಬ ಸರಳ. ಇವತ್ತೇ, ಹಗಲಲ್ಲಿ, ಯಜಮಾನನ್ನ ನೇರ ಕೇಳು, ಎಷ್ಟು ನಿಮಿಷಕ್ಕೆ ನಿಮ್ಮನ್ನ ಎಬ್ಬಿಸ್ಬೇಕು ಅಂತ. ಕೇಳಿದ್ಲು. 10 ನಿಮಿಷ, ಇಲ್ಲಾ ಕೈಗೆ ಸಿಕ್ಕಿದ್ದು ಏನು ಅಂತ ಗೊತ್ತಾಗ್ಲಿಲ್ಲ ಅಂದ್ರೆ ತಕ್ಷಣ, ನಾನಿರೋದೇ ಅದಕ್ಕೆ ಅಂದನಂತೆ. ಮೊದಲನೇ ದಿನಾನೇ ಅವನೇ ಹೇಳ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಇರ್ಲಿ. ನಾನು ಇನ್ನೂ ಹೇಳಿದ್ದು, ಓದು ಬಿಡೋ ಯೋಚನೆ ಇದ್ರೆ ನಿದ್ದೆಗೆಟ್ಟ ಈ ಎರಡು ವಾರದಲ್ಲಿ ತೀರ್ಮಾನ ಮಾಡ್ಬೇಡ, ಕಾಲೇಜಲ್ಲಿ ಟ್ಯೂಟರ್‌ಗೆ ಹೇಳು, ರಾತ್ರಿ ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಅಲ್ಲಿ ವೆಟ್‌ಲೈಫ್ ಅಂತ ಪಶುವೈದ್ಯರಿಗೆ, ವಿದ್ಯಾರ್ಥಿಗಳಿಗೆ ಅಂತಾನೇ 24 ಗಂಟೆ ಸಹಾಯವಾಣಿ ಇದೆ, ನಂಬರ್ ಇಟ್ಕೋ. ಕೊನೇದು, ಮನೇಲಿ ಒಬ್ಬರಿಗಾದ್ರೂ ಕ್ರಾಪ್ ಮಾಡದೇ ಇರೋದನ್ನ ಹೇಳು.

ಅಮ್ಮನಿಗೆ ಮೆಸೇಜ್ ಮಾಡಿದ್ಲು, ಚರ್ಮದ ವಿಷಯಾನೂ ಸೇರಿಸಿ. ಬ್ಲೂ ಟಿಕ್ ಬಂತು, ಉತ್ತರ ಇಲ್ಲ. ಇವಳು ನನಗೆ ಬರೆದ್ಲು, ನಿಮ್ಮ ಮಾತು ಕೇಳಿ ಕೆಟ್ಟೆ ಅಂತ. ನನಗೂ ಹೊಟ್ಟೆಲಿ ಕಸಿವಿಸಿ, ಸಲಹೆ ಕೊಡೋರಿಗೂ ಇದು ಆಗತ್ತೆ. ಸಂಜೆ ಅಜ್ಜಿ ವಾಯ್ಸ್ ಮೆಸೇಜ್ ಬಂತಂತೆ, ಅಮ್ಮ ಹೋಗಿ ಅಜ್ಜಿಗೆ ಓದಿ ಹೇಳಿದಾರೆ. ಅವಳೇ ನನಗೆ ಕೇಳಿಸಿದ್ಲು. "ಅದಕ್ಕ್ಯಾಕೆ ಅಳ್ತೀಯೇ ಕೂಸೇ, ನಮ್ಮನೇಲಿ ಕರು ಸತ್ತಾಗ ಚರ್ಮಕ್ಕೆ ಹುಲ್ಲು ತುಂಬಿಸಿ ಹಸು ಮುಂದೆ ನಿಲ್ಲಿಸ್ತಿದ್ರು, ಅದನ್ನ ನೆಕ್ಕ್ತಾ ನೆಕ್ಕ್ತಾ ಹಾಲು ಇಳಿಸ್ತಿತ್ತು. ಆ ಹಾಲು ಕುಡಿದೇ ನಿಮ್ಮಮ್ಮ ಬೆಳೆದಿದ್ದು. ನೀನು ಬದುಕಿರೋ ಮರಿಗೆ ತೊಡಿಸಿದೀಯ, ಅದಾದ್ರೂ ಮೇಲು."

ಅಮ್ಮ 2 ದಿನ ಬಿಟ್ಟು ಬರೆದಿದ್ದು ಒಂದೇ ಸಾಲು, ಕೈ ಚೆನ್ನಾಗಿ ಸೋಪ್ ಹಾಕಿ ತೊಳ್ಕೊಂಡು ಊಟ ಮಾಡು.

ಕೊನೇ ರಾತ್ರಿ ಯಜಮಾನನ್ನ 3 ಸಲ ಎಬ್ಬಿಸಿದ್ಲಂತೆ. ಅದ್ರಲ್ಲಿ ಒಂದು ಸಲ ಕುರಿ ಸುಮ್ನೆ ಮಲಗಿತ್ತಷ್ಟೆ.