ಸವಾರಿ ಪ್ರಶ್ನೋತ್ತರ: ಎರಡು ದಿನದ ಕ್ಲಿನಿಕ್‌ನಿಂದ ಮಗು ಏನು ಕಲಿಯುತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳಿಗೆ 13 ವರ್ಷ. ಒಂದೂವರೆ ವರ್ಷದಿಂದ ಕುದುರೆ ಸವಾರಿ ಕಲೀತಿದ್ದಾಳೆ. ಶನಿವಾರ ಭಾನುವಾರ ನಸುಕಿಗೇ ಎದ್ದು ಮುಲುಂಡ್‌ನಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿಗೆ ಕ್ಲಾಸಿಗೆ ಹೋಗ್ತೀವಿ. ಮುಂದಿನ ತಿಂಗಳು ಹೊರಗಿನಿಂದ ಒಬ್ರು ಟ್ರೇನರ್ ಬಂದು ಎರಡು ದಿನ ಕ್ಲಿನಿಕ್, ಅಂದ್ರೆ ವಿಶೇಷ ತರಬೇತಿ ಶಿಬಿರ, ಮಾಡ್ತಾರಂತೆ, ಫೀಸು ನಮ್ಮ ಎರಡು ತಿಂಗಳ ಕ್ಲಾಸಿನಷ್ಟು. ಎರಡು ದಿನದಲ್ಲಿ ಏನು ಕಲಿಯೋಕಾಗುತ್ತೆ ಅಂತಾರೆ ನಮ್ಮವರು. ಇವಳು ಹೋಗಲೇಬೇಕು ಅಂತ ಹಟ ಹಿಡಿದು ಸರಿಯಾಗಿ ಊಟ ಮಾಡ್ತಿಲ್ಲ. ಕಳಿಸಲಾ ಬೇಡವಾ?
– ಒಬ್ಬ ತಾಯಿ, ಮುಲುಂಡ್, ಮುಂಬೈ

ಉತ್ತರ: ನಿಮ್ಮವರು ಹೇಳಿದ್ದು ಅರ್ಧ ನಿಜ. ಎರಡು ದಿನದಲ್ಲಿ ಹೊಸದೇನೂ ಮೈಗೆ ಹತ್ತಲ್ಲ, ಸವಾರಿ ಅನ್ನೋದು ತಿಂಗಳುಗಟ್ಲೆ ಸೊಂಟ ನೋಯಿಸಿಕೊಂಡೇ ಬರೋ ವಿದ್ಯೆ. ಆದ್ರೆ ನೋಡಿ, ಮನೇಲಿ ಮಗು ಉದ್ದ ಆಗಿದ್ದು ನಮಗೆ ಗೊತ್ತೇ ಆಗಲ್ಲ, ಊರಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು "ಅಯ್ಯೋ ಎಷ್ಟುದ್ದ ಆಗಿದ್ದೀಯೇ" ಅಂತಾರಲ್ಲ, ಕ್ಲಿನಿಕ್ ಟ್ರೇನರ್ ಕಣ್ಣು ಅಂಥದ್ದು. ದಿನಾ ನೋಡೋ ಕೋಚ್ ಎಷ್ಟೇ ಒಳ್ಳೆಯವರಾಗಿದ್ರೂ ಮಗುವಿನ ಕೆಲವು ತಪ್ಪುಗಳು ಅವರ ಕಣ್ಣಿಗೆ ರೂಢಿ ಆಗಿಬಿಟ್ಟಿರುತ್ತೆ.

ನಂದೇ ಹೇಳ್ತೀನಿ. ಆಗ ನಂಗೆ 16, ಪುಣೆಯ ಒಂದು ಮೈದಾನದಲ್ಲಿ ಕಲೀತಿದ್ದೆ. ನಂಗೆ ಕೊಡ್ತಿದ್ದ ಕಂದು ಕುದುರೆ ತುಂಬಾ ಎಳೀತಿತ್ತು, ಕ್ಲಾಸ್ ಮುಗಿಯೋ ಹೊತ್ತಿಗೆ ನನ್ನ ಬೆರಳ ಸಂದಿಯೆಲ್ಲ ಕೆಂಪಾಗಿರ್ತಿತ್ತು, ಕುದುರೇದೇ ತಪ್ಪು ಅಂತ ನಾನು ವರ್ಷಪೂರ್ತಿ ನಂಬಿದ್ದೆ. ಕ್ಲಿನಿಕ್‌ಗೆ ಬಂದವರು ಒಬ್ರು ರಿಟೈರ್ಡ್ ಆರ್ಮಿಯವರು. ಹತ್ತು ನಿಮಿಷ ಏನೂ ಮಾತಾಡದೆ ನೋಡಿದ್ರು, ಆಮೇಲೆ ಹತ್ರ ಕರೆದು ಲಗಾಮಿಗೆ ಗಂಟು ಹಾಕಿ ಕುದುರೆ ಕತ್ತಿನ ಮೇಲೆ ಇಟ್ಟುಬಿಟ್ರು, ಕುದುರೇನ ಸುತ್ತ ತಿರುಗಿಸೋ ಉದ್ದದ ಲಾಂಜ್ ಹಗ್ಗ ಕಟ್ಟಿ ಅದರ ಇನ್ನೊಂದು ತುದಿ ತಾವೇ ಹಿಡ್ಕೊಂಡು "ಎರಡೂ ಕೈ ಅಗಲ ಚಾಚು, ಟ್ರಾಟ್" ಅಂದ್ರು, ಅಂದ್ರೆ ಕುಕ್ಕುಲೋಟ. ನಂಗೆ ಎದೆ ಡವಡವ. ಎರಡು ಸುತ್ತು ಮುಗಿಯೋದ್ರೊಳಗೆ ಆ ಕುದುರೆ ತಾನಾಗೇ ನಿಧಾನ ಆಯ್ತು, ತಲೆ ಕೆಳಗೆ ಬಿಟ್ಟು ಫುರ್ರ್ ಅಂತ ಮೂಗಿಂದ ಉಸಿರು ಬಿಡ್ತು. ಎಳೀತಿದ್ದವಳು ನಾನು. ನಾನು ಬ್ಯಾಲೆನ್ಸ್‌ಗೆ ಅಂತ ಲಗಾಮಿಗೆ ಜೋತು ಬೀಳ್ತಿದ್ದೆ, ಬಾಯಲ್ಲಿರೋ ಕಬ್ಬಿಣ ಒತ್ತಿದಾಗ ಅದು ಅದಕ್ಕೆ ಎದುರು ಎಳೀತಿತ್ತು, ಅಷ್ಟೇ ವಿಷಯ. ಆ ಮೂಕ ಪ್ರಾಣಿಗೆ ಒಂದು ವರ್ಷ ನೋವು ಕೊಟ್ಟೆನಲ್ಲಾ ಅಂತ ಅವತ್ತು ಲಾಯದಲ್ಲಿ ಅದರ ಕತ್ತು ಹಿಡ್ಕೊಂಡು ಅತ್ತಿದ್ದೀನಿ. ಈಗ ನಾನು ಕಲಿಸೋ ಮಕ್ಕಳಿಗೆ ಹೇಳೋದು ಇಷ್ಟೇ, ಲಗಾಮು ಹಿಡಿಯೋದು ಸುಟ್ಟ ಹಪ್ಪಳ ಹಿಡಿದ ಹಾಗೆ, ಬಿಟ್ರೆ ಬೀಳುತ್ತೆ, ಬಿಗಿ ಹಿಡಿದ್ರೆ ಪುಡಿ.

ಹಾಗಾಗಿ ನಾನಂತೂ ಕಳಿಸಿ ಅಂತೀನಿ, ಆದ್ರೆ ದುಡ್ಡು ಕಟ್ಟೋಕೆ ಮುಂಚೆ ಕೆಲವು ವಿಷಯ ಕೇಳಿಕೊಳ್ಳಿ. ಒಂದು ಗುಂಪಲ್ಲಿ ಎಷ್ಟು ಮಕ್ಕಳು? ನಾಲ್ಕೈದು ಇದ್ರೆ ಒಳ್ಳೇದು, ಎಂಟು ಹತ್ತು ಮಕ್ಕಳನ್ನ ಒಂದೇ ಗಂಟೇಲಿ ತಿರುಗಿಸ್ತಾರೆ ಅಂದ್ರೆ ಅದು ಮೆರವಣಿಗೆ ಆಗುತ್ತೆ, ಬೇಡ. ಅವಳು ಯಾವಾಗ್ಲೂ ಹತ್ತೋ ಕುದುರೇನೇ ಸಿಗುತ್ತಾ ಅಂತಾನೂ ಕೇಳಿ. ಅದೇ ಕುದುರೆ ಬೆಳಿಗ್ಗೆಯಿಂದ ಎಷ್ಟು ಮಕ್ಕಳನ್ನ ಹೊರುತ್ತೆ ಅನ್ನೋದನ್ನ ಮಾತ್ರ ಮರೀಬೇಡಿ, ಮುಂಬೈ ಸೆಖೆಯಲ್ಲಿ ಬೆವರಿ ಬಿಳಿ ನೊರೆ ಬಂದ ಕುದುರೇನ ಮತ್ತೊಂದು ಬ್ಯಾಚ್‌ಗೆ ಎಳೆಯೋ ಕಡೆ ನನ್ನ ಮಗುವನ್ನ ನಾನು ಕಳಿಸಲ್ಲ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಕೋಚ್ ಆ ಎರಡೂ ದಿನ ಪಕ್ಕದಲ್ಲಿ ನಿಂತು ಕೇಳಿಸ್ಕೋತಾರಾ? ಯಾಕಂದ್ರೆ ಟ್ರೇನರ್ ಮೂರನೇ ದಿನ ವಾಪಸ್ ಹೋಗ್ತಾರೆ, ಮುಂದಿನ ಶನಿವಾರದಿಂದ ಅದನ್ನ ಮುಂದುವರಿಸಬೇಕಾದವರು ಇವರೇ.

ಫೀಸು ಹೆಚ್ಚಾಯ್ತು ಅನಿಸಿದ್ರೆ ಬರೀ ಕೂತು ನೋಡೋಕೆ ಬಿಡ್ತಾರಾ ಕೇಳಿ. ಬೇಲಿ ಪಕ್ಕ ಕೂತು ಬೇರೆಯವರ ತಪ್ಪು ನೋಡ್ತಾ ಕಲಿಯೋದು ಕಮ್ಮಿ ಅಲ್ಲ, ಕುದುರೆ ಮೇಲಿದ್ದಾಗ ಭಯಕ್ಕೆ ಅರ್ಧ ಮಾತು ಕಿವಿಗೇ ಬೀಳಲ್ಲ. ಅವಳು ಸವಾರಿ ಮಾಡಿದ್ರೆ ಮೊಬೈಲಲ್ಲಿ ನೀವು ವಿಡಿಯೋ ತೆಗೀರಿ, ಅವತ್ತೇ ವಾಪಸ್ ಬರ್ತಾ ಟ್ರೇನಲ್ಲಿ ಅವಳ ಕೈಲಿ ಒಂದೇ ಒಂದು ವಿಷಯ ಬರೆಸಿ, ಹತ್ತು ಬೇಡ. ಉದಾಹರಣೆಗೆ ಟ್ರಾಟ್‌ನಲ್ಲಿ ಎದ್ದು ಕೂರೋ ತಾಳ. ಟ್ರಾಟ್ ಅಂದ್ರೆ ಎರಡೇ ಪೆಟ್ಟು, ಮುಂದಿನ ಎಡಗಾಲು ಹಿಂದಿನ ಬಲಗಾಲು ಒಟ್ಟಿಗೆ, ಆಮೇಲೆ ಇನ್ನೊಂದು ಜೋಡಿ. ಸುತ್ತು ಹೊಡೀವಾಗ ಕುದುರೆಯ ಹೊರಗಡೆ ಭುಜ ಮುಂದೆ ಹೋದಾಗ ಏಳಬೇಕು. ಅದನ್ನ ಕೆಳಗೆ ನೋಡದೆ ಸೀಟಲ್ಲೇ ಗುರುತು ಹಿಡಿಯೋದಕ್ಕೆ ಒಂದು ತಿಂಗಳು ಕೊಟ್ರೆ ಸಾಕು, ಕ್ಲಿನಿಕ್ ದುಡ್ಡು ವಸೂಲಾಯ್ತು ಅಂತಲೇ ಲೆಕ್ಕ.

ನಮ್ಮ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಲ್ಲಿ ಈವೆಂಟಿಂಗ್ (ಮೂರು ಬಗೆಯ ಸವಾರಿ ಸೇರಿದ ಸ್ಪರ್ಧೆ) ಬೆಳ್ಳಿ ಗೆದ್ದಿದ್ದು, ಆಮೇಲೆ ಟೋಕಿಯೋ ಒಲಿಂಪಿಕ್ಸಲ್ಲಿ 23ನೇ ಸ್ಥಾನಕ್ಕೆ ಬಂದಿದ್ದು ನಿಮ್ಮ ಮಗಳಿಗೆ ಗೊತ್ತೇ ಇರುತ್ತೆ. ಜರ್ಮನಿಯಲ್ಲಿದ್ದುಕೊಂಡು ದಿನಾ ಇನ್ನೊಬ್ಬರ ಕಣ್ಣಿನ ಕೆಳಗೆ ಅಭ್ಯಾಸ ಮಾಡಿದವರು ಅವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ನಮ್ಮ ಡ್ರೆಸಾಜ್ (ಕುದುರೆಯ ಪಳಗಿದ ಹೆಜ್ಜೆ ತೋರಿಸೋ ಸ್ಪರ್ಧೆ) ಟೀಮ್ ಚಿನ್ನ ತಂತಲ್ಲ, ಸವಾರಿಯಲ್ಲಿ ನಮಗೆ 41 ವರ್ಷದ ಮೇಲೆ ಬಂದ ಚಿನ್ನ, ಆ ತಂಡದ ಹೃದಯ್ ಛೇಡಾ ನಿಮ್ಮ ಮುಂಬೈಯವರೇ. ಅವಳಿಗೆ ಹೇಳಿ, ಖುಷಿಯಾಗುತ್ತೆ. ಊಟಾನೂ ಮಾಡ್ತಾಳೆ.

ಪ್ರಶ್ನೆ: ಅಕ್ಕಾ, ನಂಗೆ 15, ಪುಣೆ. ಕ್ಲಿನಿಕ್‌ನಲ್ಲಿ ಜಂಪಿಂಗ್ ಟ್ರೇನರ್ ಪಾದ ಇಡೋ ಸ್ಟಿರಪ್‌ನ ಪಟ್ಟಿ ಎರಡು ತೂತು ಮೇಲೆ ಮಾಡಿಸಿದ್ರು, ಎಲ್ಲರ ಮುಂದೆ "ಇಷ್ಟು ದಿನ ಏನು ಕಲಿತೆ" ಅಂದ್ರು. ನಮ್ಮ ಸರ್ ಯಾವಾಗ್ಲೂ ಸ್ಟಿರಪ್ ಉದ್ದ ಇರಲಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಪುಟ್ಟಾ, ಇಬ್ಬರದೂ ಸರಿ ಇರಬಹುದು. ಡ್ರೆಸಾಜ್ ಥರ ಆಳವಾಗಿ ಕೂತು ಮಾಡೋ ಕೆಲಸಕ್ಕೆ ಕಾಲು ಉದ್ದ ಬೇಕು, ಹಾರಿಸುವಾಗ ಸೀಟಿಂದ ಮೇಲೆದ್ದು ಕುದುರೆ ಬೆನ್ನು ಫ್ರೀ ಬಿಡಬೇಕಲ್ಲ, ಅದಕ್ಕೆ ಮೊಣಕಾಲು ಮಡಚೋ ಜಾಗ ಬೇಕು, ಸ್ಟಿರಪ್ ಗಿಡ್ಡ. ಮೊದಲೆಲ್ಲ ಸವಾರರು ಬೇಲಿ ಹಾರುವಾಗ ಹಿಂದಕ್ಕೆ ವಾಲ್ತಿದ್ರು, ಇಟಲಿಯ ಅಶ್ವದಳದ ಕಾಪ್ರಿಲ್ಲಿ ಅನ್ನೋ ಅಧಿಕಾರಿ ಕುದುರೆ ಜೊತೆ ಮುಂದಕ್ಕೆ ಬಾಗಬೇಕು ಅಂತ ಹೇಳಿಕೊಟ್ರು, ಅವರು ತೀರಿಕೊಂಡಿದ್ದು 1907ರಲ್ಲಿ, ಇವತ್ತಿಗೂ ಜಂಪಿಂಗ್‌ನಲ್ಲಿ ನಾವೆಲ್ಲ ಕೂರೋದು ಅದೇ ದಾರೀಲಿ. ನಿಮ್ಮ ಸರ್ ಹತ್ರ ಹೋಗಿ "ಅವರು ಹೀಗಂದ್ರು, ನೀವು ತಪ್ಪು" ಅನ್ನಬೇಡ. "ಸರ್, ಹಾರಿಸುವಾಗ ಮಾತ್ರ ಎರಡು ತೂತು ಮೇಲೆ ಮಾಡಿ ನೋಡ್ಲಾ?" ಅಂತ ಕೇಳು. ಎಲ್ಲರ ಮುಂದೆ ಅಂದ ಆ ಮಾತು ಸರಿಯಲ್ಲ, ಅದು ನಂಗೂ ಬೇಜಾರಾಯ್ತು. ಸ್ಟಿರಪ್ ಮಾತು ಇಟ್ಕೋ, ಆ ಮಾತು ಅಲ್ಲೇ ಬಿಟ್ಟುಬಿಡು.

ಪ್ರಶ್ನೆ: ಮಗನಿಗೆ 8 ವರ್ಷ, ಕುದುರೆ ಹುಚ್ಚು. ನಮ್ಮ ಮನೆ ಹತ್ರ ಕಲಿಸೋರು ಯಾರೂ ಇಲ್ಲ. ಬೀಚಲ್ಲಿ ಕೂರಿಸ್ತಾರಲ್ಲ, ಅದರಲ್ಲೇ ಶುರು ಮಾಡಿಸ್ಲಾ?
– ಒಬ್ಬ ತಂದೆ, ಮಡಗಾಂವ್

ಉತ್ತರ: ಬೇಡ ಸರ್. ಅಲ್ಲಿ ಕೂತು ಹೋಗೋದಷ್ಟೇ ಆಗುತ್ತೆ, ಸವಾರಿ ಕಲಿತ ಹಾಗಲ್ಲ. ಎಂಟು ವರ್ಷಕ್ಕೆ ಈಜು, ಜಿಮ್ನಾಸ್ಟಿಕ್ಸ್ ಮಾಡಿಸಿ, ಮೈ ಬ್ಯಾಲೆನ್ಸ್ ಬರಲಿ. ಬೇಸಿಗೆ ರಜೆಯಲ್ಲಿ ಹತ್ತು ದಿನ ಪುಣೆ ಕಡೆ ಕರ್ಕೊಂಡು ಬನ್ನಿ, ಮೊದಲ ಎರಡು ದಿನ ಹತ್ತಿಸಲೇಬೇಡಿ, ಸೈಸ್ (ಕುದುರೆ ನೋಡಿಕೊಳ್ಳೋರು) ಜೊತೆ ನಿಂತು ಬ್ರಷ್ ಹೊಡೀಲಿ, ಗೊರಸಿನ ಮಣ್ಣು ತೆಗೆಯೋದು ನೋಡಲಿ, ಕುದುರೆ ಹಿಂದೆ ಹೋಗಿ ನಿಲ್ಲಬಾರದು ಅನ್ನೋದು ಅಭ್ಯಾಸ ಆಗಲಿ. ಹೆಲ್ಮೆಟ್ ಸೈಕಲ್ಲಿಂದು ನಡೆಯಲ್ಲ, ಸವಾರಿದೇ ತಗೊಳ್ಳಿ, ಹೊಸದೇ ತಗೊಳ್ಳಿ. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಒಳಗೆ ಬಿರುಕು ಬಿಟ್ಟಿದ್ರೂ ಹೊರಗೆ ಕಾಣಲ್ಲ, ಅದಕ್ಕೇ ಯಾರೋ ಹಳೇದು ಕೊಟ್ರು ಅಂತ ಅವನ ತಲೆಗೆ ಹಾಕಬೇಡಿ.