ಜೀವಾವಧಿ ಅಂದ್ರೆ 14 ವರ್ಷ ಅಷ್ಟೇನಾ?

ಪ್ರಶ್ನೆ: ಪಕ್ಕದೂರಿನ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿದ್ದವನು ಸನ್ನಡತೆ ಮೇಲೆ ಬಿಡುಗಡೆಯಾಗಿ ಬಂದಿದ್ದಾನೆ. 14 ವರ್ಷಕ್ಕೆ ಬಿಡುವುದಾದರೆ ಶಿಕ್ಷೆ ಕೊಡುವುದಾದರೂ ಯಾಕೆ? ಸಂವಿಧಾನ ಏನು ಹೇಳುತ್ತದೆ?
- ಓದುಗರು, ಹಾವೇರಿ

ಉತ್ತರ: ಮೊದಲು ಆ 14ರ ಲೆಕ್ಕ ನೋಡೋಣ. ಜೀವಾವಧಿ ಅಂದರೆ ಜೀವ ಇರುವವರೆಗೆ. ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಹೇಳಿದೆ. ಕೊಲೆಯಂಥ ಅಪರಾಧದಲ್ಲಿ 14 ವರ್ಷ ತುಂಬುವ ಮೊದಲು ಶಿಕ್ಷೆ ಕಡಿತದ ಕಾನೂನಿನಡಿ ಸರ್ಕಾರ ಬಿಡುವಂತಿಲ್ಲ, ಅಷ್ಟೇ. ತುಂಬಿದ ತಕ್ಷಣ ಬಿಡಲೇಬೇಕು ಅಂತಿಲ್ಲ. ಬಿಡುಗಡೆ ಅರ್ಜಿಯನ್ನು ನ್ಯಾಯವಾಗಿ ಪರಿಶೀಲಿಸಿ ಎಂದು ಕೇಳುವ ಹಕ್ಕು ಮಾತ್ರ ಕೈದಿಗಿದೆ.

ಇನ್ನು, ಶಿಕ್ಷೆ ಯಾಕೆ ಅಂತ ಸಂವಿಧಾನದಲ್ಲಿ ಒಂದು ಸಾಲೂ ಇಲ್ಲ. ಇರುವುದು ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ. ಕೋರ್ಟುಗಳು ಅವುಗಳಿಂದಲೇ ಉತ್ತರ ಹುಡುಕಿವೆ. ಜೀವಾವಧಿ ಕೈದಿ ಮತ್ತೆ ಕೊಲೆ ಮಾಡಿದರೆ ಗಲ್ಲು ಕಡ್ಡಾಯ ಎನ್ನುತ್ತಿದ್ದ ಐಪಿಸಿ 303ನೇ ಸೆಕ್ಷನ್ 1983ರಲ್ಲಿ ರದ್ದಾಯಿತು. ಯಾರು, ಯಾಕೆ, ಯಾವ ಸಂದರ್ಭದಲ್ಲಿ ಎಂದು ನೋಡದೆ ಶಿಕ್ಷೆ ಕೊಡುವುದು ನ್ಯಾಯವಲ್ಲ ಎಂಬುದೇ ಕಾರಣ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಗಲ್ಲನ್ನು ಉಳಿಸಿಕೊಂಡಿತು. ಆದರೆ ಈ ಮನುಷ್ಯ ತಿದ್ದಿಕೊಳ್ಳುವುದಿಲ್ಲ ಎಂದು ತೋರಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಸೇಡಿನ ಲೆಕ್ಕವೊಂದೇ ಆಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ ಅಲ್ವಾ?

ನಿಮ್ಮ ಸಿಟ್ಟು ಕೋರ್ಟಿಗೂ ಬಂದಿದ್ದುಂಟು. ಬೆಂಗಳೂರಿನ ಶ್ರದ್ಧಾನಂದ ಪ್ರಕರಣ ನೆನಪಿರಬಹುದು. ಹೆಂಡತಿಯನ್ನು ಕೊಂದು ಮನೆಯ ಕಾಂಪೌಂಡಿನಲ್ಲೇ ಹೂತಿದ್ದ ಕೇಸು. ಸೆಷನ್ಸ್ ಕೋರ್ಟು, ಹೈಕೋರ್ಟು ಎರಡೂ ಗಲ್ಲು ಎಂದವು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ 2008ರಲ್ಲಿ ಮೂವರ ಪೀಠ ಗಲ್ಲು ಜಾಸ್ತಿಯಾಯಿತು, 14 ವರ್ಷ ತೀರಾ ಕಡಿಮೆಯಾಯಿತು ಎಂದುಕೊಂಡು ನಡುದಾರಿ ಹಿಡಿಯಿತು: ಸಾಯುವವರೆಗೆ ಬಿಡುಗಡೆ ಇಲ್ಲ. 2015ರಲ್ಲಿ ಸಂವಿಧಾನ ಪೀಠ ಈ ದಾರಿಯನ್ನು 3-2ರಲ್ಲಿ ಒಪ್ಪಿತು. ಬಿಡುವ ಅಧಿಕಾರ ಸರ್ಕಾರದ್ದು, ಅದನ್ನು ಕೋರ್ಟು ಮೊದಲೇ ಮುಚ್ಚಿಹಾಕುವಂತಿಲ್ಲ ಎಂದು ಇಬ್ಬರು ಹೇಳಿದರು. ನನಗೆ ಆ ಇಬ್ಬರ ಮಾತೇ ಸರಿ ಅನ್ನಿಸುತ್ತದೆ. ಇಪ್ಪತ್ತು ವರ್ಷದ ಮೇಲೆ ಒಬ್ಬ ಹೇಗಿರುತ್ತಾನೆ ಅಂತ ತೀರ್ಪಿನ ದಿನವೇ ಹೇಳುವುದು ಯಾರಿಂದ ಸಾಧ್ಯ?

ಹಾಗಂತ ಸರ್ಕಾರ ಸುಮ್ನೆ ಬಿಡುವ ಹಾಗೂ ಇಲ್ಲ. ಬಿಡುಗಡೆ ಆದೇಶ ಕಾನೂನಿನಂತೆ ಆಗಿಲ್ಲ ಅನ್ನಿಸಿದರೆ ಸತ್ತವರ ಮನೆಯವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. 2002ರ ಗುಜರಾತ್ ಗಲಭೆಯ ಅತ್ಯಾಚಾರ, ಕೊಲೆಗಳ ಬಿಲ್ಕಿಸ್ ಬಾನು ಪ್ರಕರಣದಲ್ಲಿ 11 ಅಪರಾಧಿಗಳ ಬಿಡುಗಡೆಯನ್ನು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ರದ್ದು ಮಾಡಿತು. ವಿಚಾರಣೆ, ಶಿಕ್ಷೆ ನಡೆದದ್ದು ಮಹಾರಾಷ್ಟ್ರದಲ್ಲಿ, ಬಿಟ್ಟಿದ್ದು ಗುಜರಾತ್ ಸರ್ಕಾರ. ಅದಕ್ಕೆ ಆ ಅಧಿಕಾರವೇ ಇರಲಿಲ್ಲ.